ನಮೀಬ್ ಕರಾವಳಿಗೆ ನೀರು ಬಂದ ಬಗೆ

ಕರಾವಳಿ ಎಂಬ ಮಾತು ಕನ್ನಡದ ಓದುಗರಿಗೆ ಜಡಿಮಳೆಯನ್ನೂ ಹಂಚಿನ ಮಾಡನ್ನೂ ತೆಂಗಿನ ತೋಟವನ್ನೂ ನೆನಪಿಗೆ ತರುತ್ತದೆಯಾದರೂ, ಭೂಗೋಳದಲ್ಲಿ ಇದಕ್ಕೆ ತೀರ ವಿರುದ್ಧವಾದ ಕರಾವಳಿಗಳೂ ಇವೆ. ದಕ್ಷಿಣ ಅಮೆರಿಕದ ಪಶ್ಚಿಮ ದಂಡೆಯ ಅಟಕಾಮಾ ಮತ್ತು ಆಫ್ರಿಕದ ನೈರುತ್ಯ ದಂಡೆಯ ನಮೀಬ್ ಇವೆರಡೂ ಮಹಾಸಾಗರದ ತೆರೆ ಬಂದು ಬಡಿಯುವ ಜಾಗದಿಂದಲೇ ಮೊದಲಾಗುವ ಮರುಭೂಮಿಗಳು. ನಮೀಬ್ ಅಂಗೋಲದ ದಕ್ಷಿಣ ಭಾಗದಿಂದ ಹೊರಟು, ನಮೀಬಿಯದ ಇಡೀ ಕರಾವಳಿಯನ್ನು ಹಾದು, ದಕ್ಷಿಣ ಆಫ್ರಿಕದ ವಾಯವ್ಯ ಮೂಲೆಯವರೆಗೆ ಸುಮಾರು 2000 ಕಿ.ಮೀ. ಉದ್ದಕ್ಕೆ ಚಾಚಿದೆ. ಅಲ್ಲಿನ ವಾಲ್ವಿಸ್ ಬೇ ಬಂದರಿನಲ್ಲಿ ವರ್ಷವಿಡೀ ಬೀಳುವ ಮಳೆ ಸರಾಸರಿ 20 ಮಿ.ಮೀ. ಸಹ ಆಗುವುದಿಲ್ಲ, ಆಗುಂಬೆಯ ಆಷಾಢದಲ್ಲಿ ಅಷ್ಟು ಮಳೆಯನ್ನು ಯಾರೂ ಮಳೆ ಎಂದು ಲೆಕ್ಕಕ್ಕೆ ಹಿಡಿಯಲಾರರು. ಹೀಗಿದ್ದೂ ಮೀನು, ವಜ್ರ, ಯುರೇನಿಯಂ ಮತ್ತು ಹಡಗು ವ್ಯಾಪಾರದ ಆಕರ್ಷಣೆಯಿಂದ ಈ ದಂಡೆಯಲ್ಲಿ ಪಟ್ಟಣಗಳು ಎದ್ದವು, ಬೆಳೆದವು, ಇಂದಿಗೂ ಬೆಳೆಯುತ್ತಿವೆ. ಅವು ಕುಡಿಯುವ ನೀರು ಎಲ್ಲಿಂದ ಬಂತು, ಬರುವಾಗ ಯಾರ ಪಾಲಿನಿಂದ ಬಂತು ಎಂಬ ಎರಡು ಪ್ರಶ್ನೆಗಳು ನಮೀಬ್‌ನ ಒಂದು ಶತಮಾನಕ್ಕೂ ಮಿಕ್ಕ ಚರಿತ್ರೆಯಲ್ಲಿ ಒಂದಕ್ಕೊಂದು ಹೆಣೆದುಕೊಂಡಿವೆ.

ಸಮುದ್ರ ಪಕ್ಕದಲ್ಲೇ ಇದ್ದೂ ಮಳೆಯಾಗದಿರುವುದಕ್ಕೆ ಮುಖ್ಯ ಕಾರಣ ಆ ಸಮುದ್ರವೇ. ದಕ್ಷಿಣ ಧ್ರುವದ ಕಡೆಯಿಂದ ಆಫ್ರಿಕದ ಪಶ್ಚಿಮ ದಂಡೆಗುಂಟ ಉತ್ತರಕ್ಕೆ ಸಾಗುವ ಬೆಂಗ್ವೆಲ ಎಂಬ ತಣ್ಣನೆಯ ಪ್ರವಾಹ, ಮತ್ತು ಗಾಳಿಯ ಒತ್ತಡಕ್ಕೆ ಮೇಲ್ಪದರದ ನೀರು ದಂಡೆಯಿಂದ ಆಚೆಗೆ ಸರಿದಾಗ ಆಳದಿಂದ ಮೇಲೇರಿ ಬರುವ ಇನ್ನೂ ತಣ್ಣಗಿನ ನೀರು, ಇವೆರಡೂ ಸೇರಿ ಸಮುದ್ರದ ಮೇಲಿನ ಗಾಳಿಯನ್ನು ಕೆಳಗಿನಿಂದ ತಂಪಾಗಿಸುತ್ತವೆ. ಸಾಮಾನ್ಯವಾಗಿ ಎತ್ತರಕ್ಕೆ ಹೋದಂತೆ ಗಾಳಿ ತಣ್ಣಗಾಗಬೇಕು. ಇಲ್ಲಿ ಕೆಳಗೆ ತಂಪು, ಅದರ ಮೇಲೆ ಬಿಸಿ. ತಾಪ ವಿಪರ್ಯಯ ಎಂದು ಕರೆಯುವ ಈ ತಲೆಕೆಳಗಾದ ಸ್ಥಿತಿಯಲ್ಲಿ ಮೇಲಿನ ಬಿಸಿಗಾಳಿ ಪಾತ್ರೆಗೆ ಮುಚ್ಚಿದ ತಟ್ಟೆಯಂತೆ ಕೂರುವುದರಿಂದ ಕೆಳಗಿನ ತೇವದ ಗಾಳಿ ಎತ್ತರಕ್ಕೇರಿ ದೊಡ್ಡ ಮೋಡವಾಗಿ ಸುರಿಯಲಾರದು. ಅದು ನೆಲದ ಮಟ್ಟದಲ್ಲೇ ದಟ್ಟ ಕಾವಳವಾಗಿ ನಿಲ್ಲುತ್ತದೆ. ಹಾಗಾಗಿ ನಮೀಬ್ ಕರಾವಳಿಯಲ್ಲಿ ಮಳೆಯ ದಿನಗಳನ್ನು ಬೆರಳಲ್ಲಿ ಎಣಿಸಬಹುದಾದರೆ, ಕಾವಳ ಕವಿಯುವ ದಿನಗಳು ವರ್ಷಕ್ಕೆ ನೂರನ್ನು ದಾಟುತ್ತವೆ.

ಆದ್ದರಿಂದ ಇಲ್ಲಿನ ಕಷ್ಟವನ್ನು ನೀರೇ ಇಲ್ಲದ ಕಷ್ಟ ಎನ್ನುವುದಕ್ಕಿಂತ, ನೀರು ಕೈಗೆಟುಕದ ಮೂರು ರೂಪಗಳಲ್ಲಿ ಇರುವ ಕಷ್ಟ ಎನ್ನುವುದು ಸರಿ: ಕಣ್ಣೆದುರಿಗಿರುವ ಕಡಲು ಉಪ್ಪು, ಗಾಳಿಯಲ್ಲಿರುವುದು ಹನಿಯಾಗದ ಕಾವಳ, ಹೊಳೆಗಳ ನೀರು ಮರಳಿನಡಿಗೆ. ಪಟ್ಟಣಗಳನ್ನು ಕಟ್ಟಿದವರು ಮೊದಲಿಗೆ ಈ ಮೂರನ್ನೂ ಬಿಟ್ಟು ನಾಲ್ಕನೆಯ ದಾರಿ ಹಿಡಿದರು. ನೀರನ್ನು ಹಡಗಿನಲ್ಲಿ ತರಿಸಿದರು. 1878ರಲ್ಲಿ ಬ್ರಿಟಿಷರ ವಶವಾದ ವಾಲ್ವಿಸ್ ಬೇಗೂ, ಜರ್ಮನರ ಕೈಯಲ್ಲಿದ್ದ ದಕ್ಷಿಣದ ಲ್ಯೂಡೆರಿಟ್ಸ್ ಬಂದರಿಗೂ ಕೇಪ್‌ಟೌನಿನಿಂದ ಹಡಗುಗಳಲ್ಲಿ ಕುಡಿಯುವ ನೀರು ಬರುತ್ತಿತ್ತು. 1908ರಲ್ಲಿ ಲ್ಯೂಡೆರಿಟ್ಸ್ ಬಳಿ ವಜ್ರ ಸಿಕ್ಕ ಮೇಲೆ ಮರಳಿನ ನಡುವೆ ಎದ್ದ ಕೋಲ್‌ಮನ್ಸ್‌ಕೋಪ್ ಎಂಬ ಗಣಿಯೂರಿನಲ್ಲಿ ಮಂಜುಗಡ್ಡೆಯ ಕಾರ್ಖಾನೆಯೂ ಇತ್ತೆಂಬುದು, ಹಣವೊಂದಿದ್ದರೆ ಮರುಭೂಮಿಯಲ್ಲೂ ಏನೆಲ್ಲ ನಡೆಯುತ್ತದೆ ಎಂಬುದನ್ನು ತೋರಿಸುತ್ತದೆ. ವಜ್ರ ಮುಗಿದ ಮೇಲೆ ಜನ ಊರು ಬಿಟ್ಟರು. ಇಂದು ಆ ಮನೆಗಳ ಕೋಣೆಗಳಲ್ಲಿ ಕಿಟಕಿಯ ಮಟ್ಟಕ್ಕೆ ಮರಳು ತುಂಬಿಕೊಂಡಿದೆ.

ಹಡಗಿನ ನೀರಿಗಿಂತ ಗಟ್ಟಿಯಾದ ಆಸರೆ ಹತ್ತಿರದಲ್ಲೇ ಇತ್ತು. ವಿಂಡ್‌ಹುಕ್ ನಗರದ ಪಶ್ಚಿಮಕ್ಕಿರುವ ಖೋಮಾಸ್ ಎತ್ತರಭೂಮಿಯಲ್ಲಿ ಹುಟ್ಟಿ ಪಶ್ಚಿಮಕ್ಕಿಳಿಯುವ ಕುಯ್ಸೆಬ್ ಹೊಳೆ ವಾಲ್ವಿಸ್ ಬೇಯ ದಕ್ಷಿಣ ಮಗ್ಗುಲಲ್ಲಿ ಕಡಲಿನತ್ತ ಬಾಯಿ ತೆರೆದುಕೊಂಡಿದೆ. ಆದರೆ ಅದನ್ನು ಹೊಳೆ ಎಂದು ಗುರುತಿಸಲು ಹೊಸಬರಿಗೆ ಸ್ವಲ್ಪ ಹೊತ್ತು ಬೇಕು, ಏಕೆಂದರೆ ವರ್ಷದ ಬಹುಪಾಲು ದಿನ ಅಲ್ಲಿ ಕಾಣುವುದು ಬರಿಯ ಮರಳು ಮತ್ತು ಅದರ ಎರಡೂ ದಡಗಳಲ್ಲಿ ಸಾಲಾಗಿ ನಿಂತ ಮುಳ್ಳುಮರಗಳು. ಹೊಳೆಯ ದಕ್ಷಿಣಕ್ಕೆ ಕೆಂಪು ಮರಳ ದಿಬ್ಬಗಳ ಸಮುದ್ರವೇ ಇದೆ. ಉತ್ತರಕ್ಕೆ ಮರಳಿಲ್ಲದ ಗರಸು ಬಯಲು. ಗಾಳಿ ದಿಬ್ಬಗಳನ್ನು ಉತ್ತರಕ್ಕೆ ತಳ್ಳುತ್ತಲೇ ಇದ್ದರೂ, ಒಳನಾಡಿನ ಬೆಟ್ಟಗಳಲ್ಲಿ ಮಳೆಯಾದ ವರ್ಷ ಕೆಲವೇ ದಿನಗಳ ಮಟ್ಟಿಗೆ ನುಗ್ಗಿ ಬರುವ ನೆರೆ, ಹೊಳೆಗೆ ಬಿದ್ದ ಮರಳನ್ನು ಗುಡಿಸಿಕೊಂಡು ಹೋಗುವುದರಿಂದ ದಿಬ್ಬಗಳು ಆಚೆ ದಡಕ್ಕೆ ಕಾಲಿಡಲಾಗಿಲ್ಲ. ಆ ನೆರೆಯೂ ಸಾಧಾರಣವಾಗಿ ಕಡಲು ಮುಟ್ಟುವುದಿಲ್ಲ. ದಾರಿಯಲ್ಲೇ ಮರಳು ಅದನ್ನು ಕುಡಿದುಬಿಡುತ್ತದೆ. 2011ರಲ್ಲಿ ಕುಯ್ಸೆಬ್ ಕಡಲು ಸೇರಿದ್ದು ಅಲ್ಲಿನ ಜನ ಹೋಗಿ ನಿಂತು ನೋಡುವಂಥ ಘಟನೆಯಾಗಿತ್ತು.

ಮರಳು ಕುಡಿದ ನೀರೇ ಈ ಕರಾವಳಿಯ ಮೊದಲ ಬಂಡವಾಳ. ಮರಳಿನ ಕಣಗಳ ನಡುವಿನ ಸಂದುಗಳಲ್ಲಿ ಹೀಗೆ ತುಂಬಿ ನಿಂತು, ಬಾವಿ ತೋಡಿದರೆ ಒಸರುವ ನೀರಿನ ಪದರವನ್ನು ಜಲಧರ ಎನ್ನುತ್ತಾರೆ. ಮೇಲೆ ಒಂದೆರಡು ಮೀಟರ್ ಒಣ ಮರಳಿದ್ದರೆ ಸಾಕು, ಮರುಭೂಮಿಯ ಬಿಸಿಲು ಅದರಡಿಯ ನೀರನ್ನು ಹೀರಲಾರದು. ಬಯಲುಸೀಮೆಯಲ್ಲಿ ಬೇಸಿಗೆಯ ಹೊಳೆಯ ಒಡಲನ್ನು ಕೈಯಿಂದ ಬಗೆದು ಚಿಲುಮೆ ತೋಡಿದವರಿಗೆ, ತುಮಕೂರು ಸೀಮೆಯ ತಲಪರಿಗೆಗಳನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಗುಂಡಿ ತೋಡಿದೊಡನೆ ಮೊದಲು ಕದಡಿದ ನೀರು ಬರುವುದು, ಅದನ್ನು ಮೊಗೆದು ಚೆಲ್ಲಿದ ಮೇಲೆ ತಿಳಿನೀರು ನಿಧಾನವಾಗಿ ಬದಿಗಳಿಂದ ಜಿನುಗಿ ಕೂಡುವುದು, ಕೊಡ ತುಂಬುವ ಅವಸರ ಮಾಡಿದರೆ ಗುಂಡಿಯ ಅಂಚೇ ಕುಸಿಯುವುದು, ಇವೆಲ್ಲ ಕುಯ್ಸೆಬ್‌ನಲ್ಲೂ ಹಾಗೇ. ವಾಲ್ವಿಸ್ ಬೇಗೆ 1920ರ ದಶಕದಲ್ಲಿ ರೂಯಿಬ್ಯಾಂಕ್ ಎಂಬಲ್ಲಿ ಹೊಳೆಯ ಮರಳಿನಿಂದ ನೀರೆತ್ತಿ ಕೊಳವೆಯಲ್ಲಿ ತರುವ ಏರ್ಪಾಡಾಯಿತು. ಬಂದರು, ಮೀನಿನ ಕಾರ್ಖಾನೆಗಳು, ರೈಲು, ಎಲ್ಲವೂ ಬೆಳೆದದ್ದು ಆ ನೀರಿನ ಮೇಲೆ.

ಆದರೆ ಆ ನೀರಿಗೆ ಪಟ್ಟಣಕ್ಕಿಂತ ಬಹಳ ಹಿಂದಿನ ವಾರಸುದಾರರಿದ್ದರು. ಕೆಳ ಕುಯ್ಸೆಬ್‌ನ ದಡಗಳಲ್ಲಿ ಶತಮಾನಗಳಿಂದ ಬದುಕುತ್ತಿರುವ ಟೋಪ್ನಾರ್ ಜನ ನಾಮಾ ಭಾಷೆಯ ಸಮುದಾಯಕ್ಕೆ ಸೇರಿದವರು. ಆಡು ಸಾಕುವುದು ಮತ್ತು ನಾರಾ ಕಾಯಿ ಕೂಡಿಡುವುದು ಅವರ ಬದುಕಿನ ಎರಡು ಆಧಾರ. ನಾರಾ ಎಂಬುದು ಕುಂಬಳ, ಕಲ್ಲಂಗಡಿಗಳ ಕುಟುಂಬದ್ದೇ ಆದರೂ ಆ ಚಹರೆ ಅದಕ್ಕಿಲ್ಲ: ಮರಳ ಗುಡ್ಡೆಯ ಮೇಲೆ ಹಬ್ಬಿದ, ಎಲೆಯೇ ಇಲ್ಲದ ಹಸುರು ಮುಳ್ಳಿನ ಪೊದೆ ಅದು. ಎಲೆಯಿಂದ ನೀರು ಆವಿಯಾಗಿ ಹೋಗದಂತೆ ಎಲೆಯನ್ನೇ ಬಿಟ್ಟುಕೊಟ್ಟ ಆ ಗಿಡ ಕಾಂಡದಿಂದಲೂ ಮುಳ್ಳಿನಿಂದಲೂ ಬಿಸಿಲನ್ನು ಉಂಡು, ತಾಯಿಬೇರನ್ನು ಹಲವು ಹತ್ತು ಮೀಟರ್ ಆಳಕ್ಕಿಳಿಸಿ ಅಂತರ್ಜಲವನ್ನು ಮುಟ್ಟುತ್ತದೆ. ಹಣ್ಣಿನ ತಿರುಳನ್ನು ಕುದಿಸಿ ಒಣಗಿಸಿ ಇಡುತ್ತಾರೆ. ಬೀಜ ಎಣ್ಣೆ ತುಂಬಿದ್ದು, ಹುರಿದು ತಿನ್ನಲೂ ಮಾರಲೂ ಬರುತ್ತದೆ. ಹೊಳೆಯ ದಡದ ಅನಾ ಮರ ಒಣ ಹಂಗಾಮಿನಲ್ಲಿ ಉದುರಿಸುವ ಕಾಯಿಗಳೇ ಆಡುಗಳ ಮೇವು. ಅಂದರೆ ಈ ಜನರ ಊಟವೂ ಹಟ್ಟಿಯೂ ನಿಂತಿರುವುದು ಮರಳಿನಡಿಯ ನೀರಿನ ಮಟ್ಟ ಎಷ್ಟು ಕೆಳಗಿದೆ ಎಂಬುದರ ಮೇಲೆ.

ಪಟ್ಟಣಕ್ಕೆಂದು ಪಂಪುಗಳು ಹೆಚ್ಚಿದಂತೆ ಆ ಮಟ್ಟ ಇಳಿಯಿತು. ರೂಯಿಬ್ಯಾಂಕ್ ಸುತ್ತ ಹಳೆಯ ಮರಗಳು ಒಣಗಿದವು. ಕೈಯಲ್ಲಿ ತೋಡಿದ ಬಾವಿಗಳು ನೀರು ಕೊಡದಾದವು. ಇದಕ್ಕೆ ಇನ್ನೊಂದು ಪೆಟ್ಟೂ ಕೂಡಿಕೊಂಡಿತು. 1934ರಲ್ಲಿ ಈ ಕರಾವಳಿಯ ಹೊಳೆಗಳಿಗೆಲ್ಲ ಬಂದ ಅಸಾಧಾರಣ ನೆರೆ ವಾಲ್ವಿಸ್ ಬೇ ಪಟ್ಟಣಕ್ಕೂ ನುಗ್ಗಿದ್ದರಿಂದ, ಮುಂದೆ ಅಂಥದ್ದಾಗದಿರಲೆಂದು ಕುಯ್ಸೆಬ್‌ನ ಉತ್ತರದ ಕವಲಿಗೆ ಒಡ್ಡು ಹಾಕಿ ನೀರನ್ನು ದಕ್ಷಿಣಕ್ಕೆ ತಿರುಗಿಸಲಾಯಿತು. ನೆರೆಯ ನೀರು ಹಾಯದಾದ ಉತ್ತರದ ಭಾಗದಲ್ಲಿ ನಾರಾ ಪೊದೆಗಳು ಬಾಡತೊಡಗಿದವು. ಊರನ್ನು ಉಳಿಸಿದ ಒಡ್ಡನ್ನು ತಪ್ಪು ಎನ್ನಲಾಗದು, ಆದರೆ ಅದರ ವೆಚ್ಚವನ್ನು ತೆತ್ತವರು ಬೇರೆ ಎಂಬುದನ್ನೂ ಮರೆಯಲಾಗದು. ಪಕ್ಕದ ಸ್ವಾಕೊಪ್ ಹೊಳೆಯಲ್ಲೂ ಇದೇ ಬಗೆಯ ಕಥೆ ಇನ್ನೂ ದೊಡ್ಡ ಪ್ರಮಾಣದಲ್ಲಿ ನಡೆಯಿತು: ರಾಜಧಾನಿ ವಿಂಡ್‌ಹುಕ್ಕಿನ ಸಲುವಾಗಿ 1970ರ ದಶಕದಲ್ಲಿ ಅದರ ಮೇಲ್ಭಾಗದಲ್ಲಿ ಫೋನ್ ಬಾಖ್ ಮತ್ತು ಸ್ವಾಕೊಪ್‌ಪೋರ್ಟ್ ಎಂಬ ಎರಡು ಅಣೆಕಟ್ಟುಗಳು ನೀರು ಹಿಡಿಯತೊಡಗಿದ ಮೇಲೆ, ಕೆಳಗಿನ ಮರಳಿಗೆ ಇಂಗಬೇಕಾದ ನೆರೆಗಳು ತೆಳುವಾದವು. ಇದರ ಜೊತೆಗೆ, ನೆರಳಿಗೂ ಮೇವಿಗೂ ಎಂದು ಹೊರಗಿನಿಂದ ತಂದ ಪ್ರೊಸೋಪಿಸ್ ಜಾತಿಯ ಗಿಡಗಳು ಈ ಹೊಳೆಗಳ ಒಡಲಲ್ಲಿ ಹಬ್ಬಿ ಅಂತರ್ಜಲವನ್ನು ಹೀರುತ್ತಿವೆ. ಕರ್ನಾಟಕದ ಕೆರೆಯಂಗಳಗಳನ್ನು ನುಂಗಿದ ಬಳ್ಳಾರಿ ಜಾಲಿ ಇದೇ ಕುಲದ್ದು.

ಇಂಗುವ ನೀರನ್ನು ಆಕಸ್ಮಿಕಕ್ಕೆ ಬಿಡದೆ, ಬುದ್ಧಿಪೂರ್ವಕವಾಗಿ ಮರಳಿಗೆ ಊಡಿಸುವ ಯತ್ನ ಒಮರೂರು ಹೊಳೆಯಲ್ಲಿ ನಡೆದಿದೆ, ಮತ್ತು ನಮೀಬ್‌ನ ಜಲಯೋಜನೆಗಳಲ್ಲಿ ಅತ್ಯಂತ ಕುಶಲವಾದದ್ದು ಬಹುಶಃ ಇದೇ. ನೆರೆ ಬಂದಾಗ ಅದರ ಜೊತೆ ಬರುವ ನಯವಾದ ಹೂಳು ಹೊಳೆಯ ಮರಳಿನ ಮೇಲೆ ಪದರವಾಗಿ ಕೂತು ರಂಧ್ರಗಳನ್ನು ಮುಚ್ಚಿಬಿಡುತ್ತದೆ; ಸಗಣಿಯಿಂದ ಸಾರಿಸಿದ ಅಂಗಳದ ಮೇಲೆ ನೀರು ನಿಲ್ಲುವಂತೆ, ಹೂಳು ಮೆತ್ತಿದ ಮರಳಿನ ಮೇಲೆ ನೆರೆ ಇಂಗದೆ ಜಾರಿ ಕಡಲಿಗೆ ಹೋಗುತ್ತದೆ. ಹೆಂಟೀಸ್ ಬೇ ಊರಿನಿಂದ ಸುಮಾರು 40 ಕಿ.ಮೀ. ಒಳಗೆ 1994ರಲ್ಲಿ ಪೂರ್ಣಗೊಂಡ ಓಮ್‌ಡೆಲ್ ಅಣೆಕಟ್ಟಿನ ಕೆಲಸ ನೀರನ್ನು ವರ್ಷಗಟ್ಟಲೆ ಕೂಡಿಡುವುದಲ್ಲ, ಹೂಳು ತಳಕ್ಕೆ ಕೂರುವಷ್ಟು ಕಾಲ ಹಿಡಿದಿಡುವುದು. ಹೀಗೆ ತಿಳಿಯಾದ ನೀರನ್ನು ಮೇಲಿಂದ ಮೇಲೆ ಬಿಟ್ಟು, ಕೆಳಗಡೆ ಹೊಳೆಯ ಒಡಲಲ್ಲೇ ತೋಡಿದ ಇಂಗುಗುಂಡಿಗಳಿಗೆ ಹರಿಸಿದರೆ ಅದು ಮರಳಿನೊಳಗೆ ಇಳಿದು ಜಲಧರವನ್ನು ಸೇರುತ್ತದೆ. ಅಲ್ಲಿಂದ ಕೊಳವೆ ಬಾವಿಗಳು ಅದನ್ನೆತ್ತಿ ಹೆಂಟೀಸ್ ಬೇ, ಸ್ವಾಕೊಪ್ಮುಂಡ್ ಪಟ್ಟಣಗಳ ಕಡೆಗೆ ಕಳಿಸುತ್ತವೆ. ಮರುಪೂರಣ ಎಂಬ ಶಬ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಬಿಸಿಲಿಗೆ ತೆರೆದ ಜಲಾಶಯದಿಂದ ವರ್ಷಕ್ಕೆ ಮೀಟರ್‌ಗಟ್ಟಲೆ ನೀರು ಆವಿಯಾಗುವ ನಾಡಿನಲ್ಲಿ, ಅಣೆಕಟ್ಟನ್ನು ಬೇಗ ಬರಿದು ಮಾಡುವುದೇ ಅದನ್ನು ಸರಿಯಾಗಿ ಬಳಸುವ ರೀತಿ. ಈ ಉಪಾಯದ ಮಿತಿಯೂ ಸ್ಪಷ್ಟವೇ ಇದೆ: ಒಳನಾಡಿನಲ್ಲಿ ಮಳೆಯಾಗಿ ನೆರೆ ಬಂದರೆ ತಾನೆ ಹಿಡಿಯುವುದು, ಹಲವು ವರ್ಷ ಅದು ಬರುವುದೇ ಇಲ್ಲ.

ದಕ್ಷಿಣದ ಲ್ಯೂಡೆರಿಟ್ಸ್‌ಗೆ ನೀರು ಕೊಡುವ ಕೋಯ್‌ಖಾಬ್ ಎಂಬ ತಗ್ಗಿನ ಅಡಿಯಲ್ಲಿರುವುದು ಸಾವಿರಾರು ವರ್ಷಗಳ ಹಿಂದಿನ ತೇವದ ಕಾಲದಲ್ಲಿ ಇಂಗಿದ ಹಳೆಯ ನೀರು. ಪಳೆಯುಳಿಕೆ ನೀರು ಎನ್ನುವುದು ಇದನ್ನೇ. ಅದು ಸಿಹಿಯಾಗಿದೆ, ಸಣ್ಣ ಪಟ್ಟಣಕ್ಕೆ ಸಾಕಾಗುವಷ್ಟಿದೆ, ಆದರೆ ತೆಗೆದಷ್ಟು ಮತ್ತೆ ತುಂಬುವುದಿಲ್ಲವಾದ್ದರಿಂದ ಅದರ ಬಳಕೆ ಗಣಿಗಾರಿಕೆಗೆ ಹತ್ತಿರದ್ದು.

ಇನ್ನು ಕಾವಳದ ವಿಚಾರ. ಕುಯ್ಸೆಬ್ ದಡದ ಗೊಬಾಬೆಬ್‌ನಲ್ಲಿ 1962ರಲ್ಲಿ ಚಾರ್ಲ್ಸ್ ಕೋಖ್ ಎಂಬ ಕೀಟಶಾಸ್ತ್ರಜ್ಞರು ಸ್ಥಾಪಿಸಿದ ಸಂಶೋಧನಾ ಕೇಂದ್ರದಲ್ಲಿ ಈ ಮರುಭೂಮಿಯ ಜೀವಿಗಳ ನೀರಿನ ಲೆಕ್ಕಾಚಾರವನ್ನು ದಶಕಗಳಿಂದ ಅಭ್ಯಾಸ ಮಾಡುತ್ತಿದ್ದಾರೆ. ವಿಲಿಯಂ ಹ್ಯಾಮಿಲ್ಟನ್ ಮತ್ತು ಮೇರಿ ಸೀಲಿ 1976ರಲ್ಲಿ ವರದಿ ಮಾಡಿದ ಕಪ್ಪು ಜೀರುಂಡೆಯೊಂದು ಇಡೀ ಜಗತ್ತಿನ ಗಮನ ಸೆಳೆಯಿತು. ಹಗಲು ಓಡಾಡುವ ಈ ಹುಳು ಕಾವಳ ಬಂದಾಗ ಮಾತ್ರ ಹೊತ್ತಲ್ಲದ ಹೊತ್ತಿನಲ್ಲಿ ಮರಳಿನಿಂದೆದ್ದು, ದಿಬ್ಬದ ನೆತ್ತಿಗೇರಿ, ಗಾಳಿಗೆ ಮುಖ ಮಾಡಿ, ತಲೆ ಕೆಳಗೆ ಬೆನ್ನು ಮೇಲೆ ಮಾಡಿ ನಿಲ್ಲುತ್ತದೆ. ಬೆನ್ನಿನ ಮೇಲೆ ಕೂತ ಕಣಗಳು ಕೂಡಿ ಹನಿಯಾಗಿ ಬಾಯಿಯ ಕಡೆಗೆ ಇಳಿಯುತ್ತವೆ. ಹೀಗೆ ಕುಡಿದ ಕೆಲವು ಹುಳುಗಳ ತೂಕ ಒಂದೇ ಬೆಳಗಿನಲ್ಲಿ ಮೂರರಲ್ಲೊಂದು ಪಾಲಿನಷ್ಟು ಹೆಚ್ಚಿದ್ದುಂಟು.

ಮನುಷ್ಯರೂ ಇದನ್ನು ಮಾಡಬಹುದೆಂಬುದಕ್ಕೆ ದೊಡ್ಡ ಪ್ರಯೋಗ ನಡೆದದ್ದು ಅಟಕಾಮಾದ ದಕ್ಷಿಣ ಅಂಚಿನಲ್ಲಿ, ಚಿಲಿಯ ಚುಂಗುಂಗೊ ಎಂಬ ಮೀನುಗಾರರ ಹಳ್ಳಿಯಲ್ಲಿ. ಅದರ ಮೇಲಿನ ಎಲ್ ಟೋಫೊ ಬೆಟ್ಟದಲ್ಲಿ ಎರಡೆರಡು ಕಂಬಗಳ ನಡುವೆ, ನರ್ಸರಿಗಳಲ್ಲಿ ನೆರಳಿಗೆ ಕಟ್ಟುವಂಥ ಪ್ಲಾಸ್ಟಿಕ್ ಬಲೆಯನ್ನು ಬಿಗಿದರು. ಒಂದೊಂದು ಬಲೆ 48 ಚದರ ಮೀಟರ್. ಗಾಳಿ ತಳ್ಳಿಕೊಂಡು ಬಂದ ಕಾವಳ ಬಲೆಯನ್ನು ಹಾದು ಹೋಗುವಾಗ ಎಳೆಗಳಿಗೆ ಅಂಟಿದ ಕಣಗಳು ಹನಿಗೂಡಿ ಕೆಳಗಿನ ದೋಣಿಗೆ ಬಿದ್ದು, ಅಲ್ಲಿಂದ ಕೊಳವೆಯಲ್ಲಿ ಇಳಿಜಾರಿನ ಬಲದಿಂದಲೇ ಹಳ್ಳಿಗೆ ಹರಿಯುತ್ತಿದ್ದವು, ಪಂಪಿಲ್ಲ, ವಿದ್ಯುತ್ತಿಲ್ಲ. ಪ್ರತಿ ಚದರ ಮೀಟರ್‌ಗೆ ದಿನಕ್ಕೆ ಸರಾಸರಿ 3 ಲೀಟರ್ ನೀರು ಸಿಗುತ್ತಿತ್ತು. ಅದುವರೆಗೆ ಲಾರಿಯಲ್ಲಿ ಬರುವ ನೀರನ್ನು ನಂಬಿದ್ದ ಮುನ್ನೂರು ಚಿಲ್ಲರೆ ಜನರ ಮನೆಗಳಿಗೆ 1992ರಲ್ಲಿ ನಲ್ಲಿ ಬಂತು. ಆದರೆ ಹತ್ತು ವರ್ಷ ಕಳೆಯುವಷ್ಟರಲ್ಲಿ ಆ ಬಲೆಗಳು ಹರಿದು ಬಿದ್ದು, ಹಳ್ಳಿ ಮತ್ತೆ ಲಾರಿ ನೀರಿಗೆ ಮರಳಿತ್ತು. ನೀರು ಬಂದೊಡನೆ ಜನ ಹೆಚ್ಚಿದರು, ಬಳಕೆ ಹೆಚ್ಚಿತು; ಗಾಳಿಗೆ ಹರಿದ ಬಲೆಯನ್ನು ಬೆಟ್ಟ ಹತ್ತಿ ಹೊಲಿಯುವ ಹೊಣೆ ಯಾರದು ಎಂಬುದು ಮಾತ್ರ ತೀರ್ಮಾನವಾಗಲಿಲ್ಲ. ಇದನ್ನು ಕಾವಳದ ಸೋಲು ಎಂದು ಬರೆಯುವವರಿದ್ದಾರೆ. ಸೋತದ್ದು ರಿಪೇರಿಯ ವ್ಯವಸ್ಥೆ. ಟೋಪ್ನಾರ್ ಹಳ್ಳಿಗಳ ಬಳಿಯೂ ಇಂಥ ಬಲೆಗಳನ್ನು ನಿಲ್ಲಿಸಿ ಅಳತೆ ಮಾಡಲಾಗಿದೆ. ಚದುರಿದ ಕೆಲವು ಮನೆಗಳಿಗೆ, ಆಡಿನ ಹಟ್ಟಿಗಳಿಗೆ ಆ ನೀರು ಒದಗೀತು, ಒಂದು ಬಂದರಿಗೆ ಸಾಲದು.

ಬಂದರಿಗೂ ಗಣಿಗೂ ಸಾಲುವಷ್ಟು ಇರುವುದು ಕಡಲಲ್ಲಿ. ಉಪ್ಪುನೀರನ್ನು ಸಿಹಿಯಾಗಿಸುವ ಯೋಚನೆ ಹೊಸದಲ್ಲ. ಅಟಕಾಮಾದ ಲಾಸ್ ಸಲೀನಾಸ್‌ನಲ್ಲಿ 1872ರಷ್ಟು ಹಿಂದೆಯೇ ಗಾಜಿನ ಮುಚ್ಚಳದ ತೊಟ್ಟಿಗಳಲ್ಲಿ ಸವಳು ನೀರನ್ನು ಬಿಸಿಲಿಗೆ ಆವಿಯಾಗಿಸಿ, ಗಾಜಿನ ಒಳಮೈಯಲ್ಲಿ ಇಳಿಯುವ ಹನಿಗಳನ್ನು ಹಿಡಿದು, ಗಣಿಯ ಹೇಸರಗತ್ತೆಗಳಿಗೆ ದಿನಕ್ಕೆ ಸುಮಾರು 20,000 ಲೀಟರ್ ನೀರನ್ನು ಒದಗಿಸಿದ್ದರು. ಇಂದಿನ ಪದ್ಧತಿ ಬೇರೆ. ಕರ್ನಾಟಕದ ಹಳ್ಳಿಗಳಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ಕುಡಿಯುವ ನೀರಿನ ಘಟಕದೊಳಗೆ ನಡೆಯುವುದೇ ಇಲ್ಲಿ ಬೃಹತ್ತಾಗಿ ನಡೆಯುತ್ತದೆ: ನೀರಿನ ಅಣುವನ್ನು ಬಿಟ್ಟು ಉಪ್ಪನ್ನು ತಡೆಯುವ ಪೊರೆಯ ಮೂಲಕ ನೀರನ್ನು ಒತ್ತಡದಿಂದ ದಾಟಿಸುವ ಈ ಕ್ರಿಯೆಗೆ ವಿಲೋಮ ಪರಾಸರಣ ಎಂದು ಹೆಸರು, ಬಾಯಿಮಾತಿನಲ್ಲಿ ಆರ್‌ಒ. ಲೀಟರ್‌ಗೆ ಸುಮಾರು 35 ಗ್ರಾಂ ಉಪ್ಪಿರುವ ಕಡಲ ನೀರಿಗೆ ವಾತಾವರಣದ ಒತ್ತಡದ ಅರುವತ್ತು ಪಟ್ಟಿನ ಆಸುಪಾಸು ಒತ್ತಡ ಬೇಕು, ಮತ್ತು ಸಾವಿರ ಲೀಟರ್ ಸಿಹಿನೀರಿಗೆ ಮೂರು–ನಾಲ್ಕು ಯೂನಿಟ್ ವಿದ್ಯುತ್ ಖರ್ಚಾಗುತ್ತದೆ. ಒಳಗೆ ಎಳೆದುಕೊಂಡ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚು, ಉಪ್ಪು ಇಮ್ಮಡಿಯಾದ ಸ್ಥಿತಿಯಲ್ಲಿ ಕಡಲಿಗೇ ಮರಳುತ್ತದೆ.

ನಮೀಬಿಯದಲ್ಲಿ ಇದಕ್ಕೆ ನಿಮಿತ್ತವಾದದ್ದು ಯುರೇನಿಯಂ. ಸ್ವಾಕೊಪ್ಮುಂಡ್ ಬಳಿಯ ರೋಸಿಂಗ್ ಗಣಿ 1976ರಲ್ಲಿ ಉತ್ಪಾದನೆ ಆರಂಭಿಸಿದಂದಿನಿಂದ ಅದಿರು ತೊಳೆಯಲು, ದೂಳು ಅಡಗಿಸಲು ಹೊಳೆಯ ಮರಳಿನ ನೀರೇ ಹೋಗುತ್ತಿತ್ತು. ಮುಂದೆ ಟ್ರೆಕ್ಕೋಪಿಯೆ ಎಂಬ ಹೊಸ ಗಣಿಗೆಂದು ಫ್ರಾನ್ಸಿನ ಅರೆವಾ ಕಂಪನಿ, ಸ್ವಾಕೊಪ್ಮುಂಡ್‌ನಿಂದ ಸುಮಾರು 30 ಕಿ.ಮೀ. ಉತ್ತರದ ವ್ಲೋಟ್ಸ್‌ಕಾಸ್‌ಬಾಕನ್ ಬಳಿ ವರ್ಷಕ್ಕೆ 2 ಕೋಟಿ ಘನ ಮೀಟರ್ ಸಿಹಿನೀರು ಕೊಡಬಲ್ಲ ಸ್ಥಾವರವನ್ನು ಕಟ್ಟಿ 2010ರಲ್ಲಿ ಉದ್ಘಾಟಿಸಿತು. ವಿಚಿತ್ರವೆಂದರೆ ಅದರ ಮರುವರ್ಷ ಜಪಾನಿನ ಫುಕುಶಿಮಾ ದುರಂತದ ಪರಿಣಾಮವಾಗಿ ಯುರೇನಿಯಂ ಬೆಲೆ ಕುಸಿದು, ಯಾವ ಗಣಿಗಾಗಿ ಸ್ಥಾವರ ಎದ್ದಿತೋ ಆ ಗಣಿ ಪೂರ್ಣ ಪ್ರಮಾಣದಲ್ಲಿ ತೆರೆಯಲೇ ಇಲ್ಲ. ಗಣಿ ಮಲಗಿತು, ನೀರು ಉಳಿಯಿತು. ಸರ್ಕಾರಿ ಸಂಸ್ಥೆ ನ್ಯಾಮ್‌ವಾಟರ್ ಆ ನೀರನ್ನು ಕೊಂಡು ಇತರ ಗಣಿಗಳಿಗೆ ತಿರುಗಿಸಿತು. ಕಡಲ ನೀರು ತುಟ್ಟಿ, ಮರಳಿನ ನೀರು ಅಗ್ಗ ಎಂಬ ವಾದ ಈ ಪ್ರದೇಶದಲ್ಲಿ ಹಳೆಯದು. ಆದರೆ ಒಣಗಿದ ಅನಾ ಮರವನ್ನೂ ಬತ್ತಿದ ಬಾವಿಯನ್ನೂ ಯಾವ ಲೆಕ್ಕಪುಸ್ತಕದಲ್ಲೂ ಬರೆಯದಿದ್ದುದರಿಂದಲೇ ಹೊಳೆಯ ನೀರು ಅಷ್ಟು ಅಗ್ಗವಾಗಿ ಕಂಡದ್ದು. ಗಣಿಗಳು ಕಡಲಿಗೆ ಬೆಲೆ ತೆತ್ತಷ್ಟೂ ಕುಯ್ಸೆಬ್, ಒಮರೂರುಗಳ ಮೇಲಿನ ಭಾರ ಇಳಿಯುತ್ತದೆ ಎಂಬುದೇ ಸ್ಥಾವರದ ದೊಡ್ಡ ಪ್ರಯೋಜನ.

ಹಾಗೆಂದು ಕಡಲು ನಂಬಿಗಸ್ತ ಸರಬರಾಜುದಾರನೂ ಅಲ್ಲ. ಬೆಂಗ್ವೆಲದ ತಣ್ಣೀರು ಆಳದಿಂದ ಹೊತ್ತು ತರುವ ಪೋಷಕಾಂಶಗಳಿಂದ ಈ ಕಡಲಲ್ಲಿ ಪಾಚಿ ಹೇರಳವಾಗಿ ಬೆಳೆಯುತ್ತದೆ. ಮೀನು ಸಮೃದ್ಧವಾಗಿರುವುದೂ ಅದರಿಂದಲೇ. ಸತ್ತ ಪಾಚಿ ತಳದ ಕೆಸರಿನಲ್ಲಿ ಕೊಳೆತು ಕೂಡಿಟ್ಟ ಗಂಧಕದ ಅನಿಲ ಆಗಾಗ ಒಮ್ಮೆಲೇ ಮೇಲಕ್ಕೆ ಉಕ್ಕಿದಾಗ, ನೀರು ಹಾಲುಹಸುರು ಬಣ್ಣಕ್ಕೆ ತಿರುಗಿ, ಕೊಳೆತ ಮೊಟ್ಟೆಯ ವಾಸನೆ ಊರನ್ನೆಲ್ಲ ಹಬ್ಬಿ, ಉಸಿರಾಡಲಾಗದ ಸೀಗಡಿಗಳು ದಡಕ್ಕೆ ಬಂದು ಬೀಳುತ್ತವೆ. ಅಂಥ ನೀರು ಸ್ಥಾವರದ ಪೊರೆಗಳನ್ನು ಕೆಡಿಸುವುದರಿಂದ ಆ ದಿನಗಳಲ್ಲಿ ಕಡಲಿನಿಂದ ನೀರೆಳೆಯುವುದನ್ನು ತಗ್ಗಿಸಬೇಕಾಗುತ್ತದೆ, ಕೆಲವೊಮ್ಮೆ ನಿಲ್ಲಿಸಬೇಕಾಗುತ್ತದೆ. ಕಡಲು ತಿಳಿಯಾಗುವವರೆಗೆ ಈ ದಂಡೆಯ ಪಟ್ಟಣಗಳಿಗೆ ಉಳಿಯುವ ಆಸರೆ, ಎಂದೋ ಬಂದು ಹೋದ ನೆರೆ ಹೊಳೆಯ ಮರಳಿನೊಳಗೆ ಬಿಟ್ಟುಹೋದ ನೀರು.